ನೂರಾ ಕುಸ್ತಿ

1987ರ ಭಾನುವಾರದ ಬೆಳಗುಗಳು ನಮ್ಮ ವಯಸ್ಸಿನವರಿಗೆ ಚೆನ್ನಾಗಿ ನೆನಪಿವೆ. ಕೆ.ಜಿ.ಎಫ್.ನ ಗಣಿ ಲೈನುಗಳಲ್ಲಿ ಟಿ.ವಿ. ಇದ್ದ ಮನೆಗಳು ಕಡಿಮೆ. ಇದ್ದ ಮನೆಯ ನಡುಕೋಣೆಯಲ್ಲಿ ತಮಿಳರು, ತೆಲುಗರು, ಕನ್ನಡಿಗರು, ನಮ್ಮಂಥ ಉರ್ದು ಮಾತಿನವರು ಎಲ್ಲರೂ ಚಾಪೆಯ ಮೇಲೆ ಒತ್ತಿಕೊಂಡು ಕೂತು ರಾಮಾಯಣ ನೋಡುತ್ತಿದ್ದೆವು. ಪರದೆಯ ಮೇಲೆ ಹನುಮಂತ ಬಂದ ಕೂಡಲೇ ಹೆಂಗಸರು ಕೈಮುಗಿಯುತ್ತಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ನಮ್ಮ ದಾದಾ ಮಾತ್ರ ತೊಡೆ ತಟ್ಟಿ, "ಅವನು ದಾರಾ! ಕಿಂಗ್ ಕಾಂಗನನ್ನು ಎತ್ತಿ ಹಗ್ಗದಾಚೆ ಹಾಕಿದವನು!" ಎನ್ನುತ್ತಿದ್ದರು. ಒಂದು ಕ್ಷಣ ಬಿಟ್ಟು, ತಮಗೇ ಹೇಳಿಕೊಂಡಂತೆ, "ಸಬ್ ನೂರಾ ಕುಸ್ತಿ ಬಾಬಾ" ಎಂದು ಸೇರಿಸುತ್ತಿದ್ದರು.

ನೂರಾ ಕುಸ್ತಿ ಎಂದರೆ ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ. ಯಾರು ಯಾವಾಗ ಬೀಳಬೇಕು, ಎಷ್ಟು ಹೊತ್ತು ಒದ್ದಾಡಬೇಕು ಎಂಬುದೆಲ್ಲ ಅಖಾಡಕ್ಕೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಚಿಕ್ಕವರಿದ್ದಾಗ ನಾವು ಇದನ್ನು 'ನೂರು ಕುಸ್ತಿ' ಎಂದೇ ತಿಳಿದಿದ್ದೆವು; ನೂರು ಸಲ ಗೆದ್ದವರ ಕುಸ್ತಿ ಇರಬೇಕು ಎಂದುಕೊಂಡಿದ್ದೆವು. ಉರ್ದು ಶಾಲೆಯಲ್ಲಿ ಪತ್ರಿಕೆ ಓದಲು ಕಲಿತ ಮೇಲೆ ಕನ್ನಡದ ನೂರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಗೊತ್ತಾಯಿತು. ಈ ನೂರಾ ಯಾರು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಆದರೆ ಟಿಕೆಟ್ ಇಟ್ಟು ನಡೆಯುತ್ತಿದ್ದ ಕುಸ್ತಿಯ ವ್ಯಾಪಾರ ನಮ್ಮ ದೇಶದಲ್ಲಿ ಹೇಗೆ ಏರಿತು, ಹೇಗೆ ಇಳಿಯಿತು ಎಂಬುದಕ್ಕೆ ಈ ಎರಡು ಪದಗಳೇ ಕೀಲಿಕೈ ಎಂದು ನಮಗೆ ಅನ್ನಿಸುತ್ತದೆ.

ಚಿನ್ನದ ಗಣಿಯ ಊರಿಗೆ ತನ್ನದೇ ಒಂದು ಕುಸ್ತಿ ಕಂಪನಿ ಇತ್ತೆಂದು ಹೇಳಲು ನಾವು ಹೊರಟಿಲ್ಲ. ಇಲ್ಲಿದ್ದವರು ನೋಡುಗರು. ಸಂಬಳ ಕೈಗೆ ಬಂದ ದಿನ ರೈಲು ಹತ್ತುವವರು. ಬೆಂಗಳೂರು–ಜೋಲಾರಪೇಟೆ ಹಳಿ 1864ರಲ್ಲೇ ಬಂದಿತ್ತು. ಆಗ ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಕವಲು ಹಳಿ ಬಿತ್ತು. ಹೀಗಾಗಿ ಗಣಿಯ ಕೂಲಿಗೆ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಮದ್ರಾಸು, ಎರಡೂ ಕೈಗೆಟುಕಿದ್ದವು. ನಮ್ಮ ದಾದಾ ದಾರಾಸಿಂಗನನ್ನು ನೋಡಿದ್ದು ಮದ್ರಾಸಿನಲ್ಲಿ; ಬಂಗಾರಪೇಟೆಯಲ್ಲಿ ರಾತ್ರಿ ಗಾಡಿ ಹತ್ತಿ, ನಿಂತುಕೊಂಡೇ ಹೋಗಿ.

ಅದಕ್ಕೂ ಮೊದಲು ಕುಸ್ತಿಗೆ ಟಿಕೆಟ್ ಇರಲಿಲ್ಲ, ದೊರೆ ಇದ್ದ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ಮಗ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ, ಸುಲ್ತಾನನ ಎದುರು ಜಟ್ಟಿಗಳು ಮುಷ್ಟಿಗೆ ಆಯುಧ ಕಟ್ಟಿಕೊಂಡು ಕಾದಾಡುತ್ತಿದ್ದುದನ್ನು ಮುಂದೆ ಬರೆದಿಟ್ಟ. ಒಡೆಯರ ದಸರೆಯಲ್ಲಿ ಅದೇ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮುಂದುವರಿಯಿತು. ದೊರೆಯ ಧರ್ಮ ಬದಲಾದರೂ ಜಟ್ಟಿಯ ಹಾಲು, ಬಾದಾಮಿ, ತುಪ್ಪ ಬದಲಾಗಲಿಲ್ಲ. ಗರಡಿಯ ಮಾತುಗಳನ್ನೇ ನೋಡಿ: ಪೈಲ್ವಾನ್, ಉಸ್ತಾದ್ ಪಾರಸಿಯಿಂದ ಬಂದವು, ಗರಡಿ, ಮಟ್ಟಿ, ಪಟ್ಟು ನಮ್ಮ ನೆಲದವು. ಗೋಡೆಯ ಮೇಲೆ ಹನುಮಂತನ ಪಟ, ಅದರ ಕೆಳಗೆ 'ಯಾ ಅಲಿ' ಎಂದು ತೊಡೆ ತಟ್ಟುವ ಹುಡುಗ. ಇದನ್ನು ಸೌಹಾರ್ದ ಎಂದು ಕರೆಯಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮಟ್ಟಿಯ ಕೆಮ್ಮಣ್ಣು ಎಲ್ಲರ ಮೈಗೂ ಅಂಟುತ್ತಿತ್ತು, ಅಷ್ಟೆ.

ಟಿಕೆಟ್ಟಿನ ಕುಸ್ತಿಗೆ ನಮ್ಮವರು ದೊಡ್ಡ ಪ್ರಮಾಣದಲ್ಲಿ ಇಳಿದದ್ದು 1910ರಲ್ಲಿ, ಅದೂ ಲಂಡನ್ನಿನಲ್ಲಿ. ಗುಲಾಂ ಮೊಹಮ್ಮದ್ ಎಂಬ ಗಾಮಾ ಪೈಲ್ವಾನನನ್ನು ಬೆಂಜಮಿನ್ ಎಂಬ ಗುತ್ತಿಗೆದಾರ ಹಡಗು ಹತ್ತಿಸಿಕೊಂಡು ಹೋದ. ಅಲ್ಲಿ ಗಾಮಾ, ಯಾವ ತೂಕದವರೇ ಆಗಲಿ, ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆಂದು ಸವಾಲು ಹಾಕಿದ. ಬಹಳ ದಿನ ಯಾರೂ ಬರಲಿಲ್ಲ. ಹೆದರಿಕೆಯಿಂದಲ್ಲ, ಇದು ಗುತ್ತಿಗೆದಾರನ ಬೂಟಾಟಿಕೆ ಎಂದುಕೊಂಡು! ಎಂದರೆ ಟಿಕೆಟ್ ಹುಟ್ಟಿದ ದಿನವೇ ಅದರ ಬೆನ್ನಿಗೆ ಅನುಮಾನವೂ ಹುಟ್ಟಿತ್ತು. ಕೊನೆಗೆ ಗಾಮಾ ಅಮೆರಿಕದ ರೋಲರ್‌ನನ್ನು ಕೆಡವಿದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೋ ಎರಡೂವರೆ ಗಂಟೆಗೂ ಹೆಚ್ಚು ಕಾಲ ಬಹುಮಟ್ಟಿಗೆ ನೆಲಕ್ಕಂಟಿಕೊಂಡೇ ಇದ್ದು ಪಂದ್ಯವನ್ನು ಸಮ ಮಾಡಿಕೊಂಡ. ಮುಂದಿನ ವಾರದ ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದ ಮಹಾರಾಜರು ಅದೇ ಜ್ಬಿಸ್ಕೋನನ್ನು ಕರೆಸಿದರು. ಈ ಸಲ ಗಾಮಾಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ದೊರೆಗಳು ಹೋದ ಮೇಲೆ ಗಾಮಾನ ಬದುಕು ಬಡವಾಯಿತು. 1947ರಲ್ಲಿ ಲಾಹೋರಿನ ತನ್ನ ಬೀದಿಯ ಹಿಂದೂಗಳ ಮೇಲೆ ಕೈಯೆತ್ತಲು ಬಂದವರ ಎದುರು ಅವನು ನಿಂತಿದ್ದನೆಂಬುದನ್ನು ಗಡಿಯ ಎರಡೂ ಕಡೆಯವರು ಹೇಳುತ್ತಾರೆ. ಕಾಯಿಲೆ ಬಿದ್ದಾಗ ಗಡಿಯ ಈಚೆಯಿಂದ ಉದ್ಯಮಿ ಬಿರ್ಲಾ ಹಣ ಕಳಿಸಿದ್ದನ್ನೂ ಹೇಳುತ್ತಾರೆ. 1960ರ ಮೇನಲ್ಲಿ ಅವನು ತೀರಿಕೊಂಡ.

ಸ್ವಾತಂತ್ರ್ಯ ಬಂದ ಮೇಲಿನ ಹತ್ತು ಹದಿನೈದು ವರ್ಷ ಟಿಕೆಟ್ ಕುಸ್ತಿಯ ಸುಗ್ಗಿಕಾಲ. ಆ ಕಾಲದ ಒಬ್ಬ ಹೆಣ್ಣುಮಗಳನ್ನು ನಾವು ಬಹುಕಾಲ ಮರೆತೇಬಿಟ್ಟಿದ್ದೆವು. ಹಮೀದಾ ಬಾನು, ಅಲಿಗಢದ ಪೈಲ್ವಾನಳು. ಐದಡಿ ಮೂರಿಂಚು ಎತ್ತರ, ನೂರು ಕೆ.ಜಿ. ದಾಟಿದ ಮೈ. ಕುಸ್ತಿಯಲ್ಲಿ ತನ್ನನ್ನು ಸೋಲಿಸುವ ಗಂಡನ್ನು ಮದುವೆಯಾಗುತ್ತೇನೆಂದು ಅವಳು ಸಾರಿದ್ದಳು. 1954ರ ಮೇನಲ್ಲಿ ಬರೋಡದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಅದಕ್ಕೆ ಮೊದಲು ಅವಳೊಡನೆ ಸೆಣಸಬೇಕಿದ್ದ ಛೋಟಾ ಗಾಮಾ ಹೆಂಗಸಿನ ಜೊತೆ ಆಡುವುದಿಲ್ಲವೆಂದು ಹಿಂದೆ ಸರಿದಿದ್ದ. ಕೊಲ್ಲಾಪುರದಲ್ಲಿ ಅವಳು ಗೆದ್ದಾಗ ಜನ ಕಲ್ಲು ತೂರಿದರು. ಗೆದ್ದರೆ ಕಲ್ಲು, ಸೋತಿದ್ದರೆ ಮದುವೆ!

ಮುಂಬಯಿ ಪ್ರಾಂತ್ಯದಲ್ಲಿ ತನ್ನ ಪಂದ್ಯಗಳಿಗೆ ತಡೆ ಬಿದ್ದಾಗ ಹಮೀದಾ ನೇರವಾಗಿ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೇ ದೂರು ಕೊಟ್ಟಳು. ಹೆಣ್ಣೆಂಬ ಕಾರಣಕ್ಕೆ ತಡೆದಿಲ್ಲ, ಗುತ್ತಿಗೆದಾರರು ನಿನ್ನೆದುರು ಡಮ್ಮಿಗಳನ್ನು ನಿಲ್ಲಿಸುತ್ತಿದ್ದಾರೆಂದು ದೂರುಗಳು ಬಂದಿವೆ ಎಂಬುದು ಅವರ ಉತ್ತರದ ಸಾರ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಡಮ್ಮಿ ಇದ್ದದ್ದು ನಿಜವೇ ಇರಬಹುದು. ಅದನ್ನು ನಿಲ್ಲಿಸಿದವನು ಗುತ್ತಿಗೆದಾರ. ಆದರೆ ಅಖಾಡದ ಬಾಗಿಲು ಮುಚ್ಚಿದ್ದು ಪೈಲ್ವಾನಳಿಗೆ. ಗಂಡಸನ್ನು ಹೆಂಗಸು ಕೆಡವಿದ್ದನ್ನು ಒಪ್ಪಲಾಗದವರಿಗೆ 'ನೂರಾ' ಎಂಬ ಮಾತು ಎಷ್ಟು ಅನುಕೂಲವಾಗಿ ಒದಗಿತು ನೋಡಿ. ಮುಂದೆ ಹಮೀದಾ ಕಲ್ಯಾಣದಲ್ಲಿ ಹಾಲು ಮಾರಿ, ರಸ್ತೆ ಬದಿಯಲ್ಲಿ ತಿಂಡಿ ಮಾರಿ ಬದುಕಿದಳು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವಳ ಚಿತ್ರ ಹಾಕಿದಾಗ ನಮ್ಮ ಮನೆಯ ಮಕ್ಕಳು ಇದಾರೆಂದು ಕೇಳಿದರು. ನಮಗೂ ಆವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಇನ್ನು ದಾರಾ ಮತ್ತು ಕಿಂಗ್ ಕಾಂಗ್. ಅಮೃತಸರದ ಕಡೆಯ ರೈತರ ಮಗ ದಾರಾಸಿಂಗ್ 1940ರ ದಶಕದ ಕೊನೆಯಲ್ಲಿ ಸಿಂಗಪುರಕ್ಕೆ ಹೋಗಿ ಡ್ರಮ್ ತಯಾರಿಸುವ ಕಾರ್ಖಾನೆ ಸೇರಿದವನು. ಕುಸ್ತಿಯ ಈ ಹೊಸ ದಂಧೆ ಅವನಿಗೆ ಹತ್ತಿದ್ದು ಅಲ್ಲಿಯೇ, ಜಾತ್ರೆಯಂಥ ಮನರಂಜನಾ ಮೈದಾನಗಳಲ್ಲಿ. ಕಿಂಗ್ ಕಾಂಗ್ ಎಂದರೆ ಎಮಿಲ್ ಸಾಯಾ. ಯುರೋಪಿನಿಂದ ಬಂದು ಪೂರ್ವದೇಶಗಳಲ್ಲಿ ನೆಲೆಯಾದ, ಇನ್ನೂರು ಕೆ.ಜಿ. ಆಸುಪಾಸಿನ ದೈತ್ಯ. ಇವರ ತಂಡಗಳು ಸರ್ಕಸ್ಸಿನಂತೆ ಊರೂರು ಸುತ್ತಿದವು. ಮಟ್ಟಿಯ ಮಣ್ಣಿನ ಬದಲು ಹಲಗೆಯ ಅಂಕಣ, ಸುತ್ತ ಹಗ್ಗ, ಮೇಲೆ ದೀಪ. ಒಬ್ಬ ಒಳ್ಳೆಯವ, ಒಬ್ಬ ಕೆಟ್ಟವ. ಕೆಟ್ಟವ ಮೊದಲು ಮೋಸ ಮಾಡಬೇಕು, ರೆಫರಿ ಅದನ್ನು ನೋಡಬಾರದು, ಜನ ಕೂಗಬೇಕು. ಈ ಊರಿನಲ್ಲಿ ಸೋತವನು ಮುಂದಿನ ಊರಿನಲ್ಲಿ ಸೇಡು ತೀರಿಸಿಕೊಳ್ಳುತ್ತೇನೆಂದು ಸವಾಲು ಹಾಕಬೇಕು. ಮುಂದಿನ ಊರಿನ ಟಿಕೆಟ್ಟಿಗೆ ಅದೇ ಜಾಹೀರಾತು. ಜನ ಇದನ್ನು 'ಫ್ರೀಸ್ಟೈಲ್' ಎಂದರು. 1959ರಲ್ಲಿ ಕಲ್ಕತ್ತೆಯಲ್ಲಿ ಗಾರ್ಡಿಯೆಂಕೋನನ್ನು ಸೋಲಿಸಿ ದಾರಾ ಕಾಮನ್‌ವೆಲ್ತ್ ಚಾಂಪಿಯನ್ ಆದ. 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ಸ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್.

ಎಲ್ಲವೂ ನೂರಾ ಎಂದು ಗೊತ್ತಿದ್ದ ದಾದಾ ರಾತ್ರಿಯಿಡೀ ನಿಂತುಕೊಂಡು ಮದ್ರಾಸಿಗೆ ಹೋದದ್ದು ಏಕೆ? ನಾವು ಕಾಲೇಜಿಗೆ ಹೋಗುವಾಗ ಈ ಪ್ರಶ್ನೆಯನ್ನು ಅವರಿಗೆ ಸ್ವಲ್ಪ ಕೊಂಕಿನಲ್ಲಿಯೇ ಕೇಳಿದ್ದೆವು. ಅವರಿಗೆ ಸಿಟ್ಟು ಬರಲಿಲ್ಲ. "ಬಿದ್ದದ್ದು ಸುಳ್ಳು ಇರಬಹುದು. ಎತ್ತಿದ್ದು ಸುಳ್ಳಾ? ಇನ್ನೂರು ಕೆ.ಜಿ. ನೀನು ಎತ್ತು ನೋಡೋಣ," ಎಂದರು.

ಇದು ಗಣಿಯವನ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದೂ ಇತ್ತು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆಗುತ್ತಿತ್ತು. ಅಂಥ ಕಡೆ ದಿನವಿಡೀ ಭಾರ ಎತ್ತಿದವನಿಗೆ ತೂಕ ಎಂದರೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಯನ್ನು ಮಾರಿ ಬದುಕುವ ಇನ್ನೊಬ್ಬನನ್ನು ಅವನು ದೀಪದ ಬೆಳಕಿನಲ್ಲಿ ನೋಡಲು ಹೋಗುತ್ತಿದ್ದ. ಆಟ ಮೊದಲೇ ತೀರ್ಮಾನವಾಗಿತ್ತೆಂಬುದು ಅವನಿಗೆ ದೊಡ್ಡ ಆಘಾತವೇನಲ್ಲ. ಅವನ ಪಾಲಿಗೆ ಯಾವುದು ತಾನೇ ಮೊದಲೇ ತೀರ್ಮಾನವಾಗಿರಲಿಲ್ಲ?

ಹಾಗಿದ್ದರೆ ಆ ಕುಸ್ತಿ ಕಂಪನಿಗಳನ್ನು ಕೊಂದದ್ದು ಬರೀ ನೂರಾ ಅಲ್ಲ. ಕೊಂದದ್ದು ಅದನ್ನು ಒಪ್ಪಿಕೊಳ್ಳದ ಗುತ್ತಿಗೆದಾರನ ಹಟ. ಅಸಲಿ ಕುಸ್ತಿ ಎಂದೇ ಕೂಗಿ ಟಿಕೆಟ್ ಮಾರಿದ. ಅಸಲಿ ಕುಸ್ತಿ ಬೇಕಾದವರು ನಿಧಾನವಾಗಿ ಬೇರೆ ಕಡೆ ತಿರುಗಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಖಾಶಾಬಾ ಜಾಧವ್ ಕಂಚು ಗೆದ್ದಿದ್ದರು. ಕ್ರಮೇಣ ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಗಳು ಕ್ರೀಡಾ ಕೋಟಾದಲ್ಲಿ ಪೈಲ್ವಾನರಿಗೆ ಕೆಲಸ ಕೊಟ್ಟವು. ತಿಂಗಳ ಸಂಬಳ ಇರುವಾಗ ಗುತ್ತಿಗೆದಾರನ ಹಿಂದೆ ಯಾರು ಅಲೆಯುತ್ತಾರೆ? ಕತೆ ಬೇಕಾದವರು ಸಿನೆಮಾಕ್ಕೆ ಹೋದರು. ಕುಸ್ತಿಪಟುಗಳೂ ಅಲ್ಲಿಗೇ ಹೋದರು: 1962ರಲ್ಲಿ 'ಕಿಂಗ್ ಕಾಂಗ್' ಎಂಬ ಹಿಂದಿ ಚಿತ್ರದ ನಾಯಕನಾಗಿ ದಾರಾಸಿಂಗ್ ತೆರೆಯ ಮೇಲಿದ್ದ. ಎರಡೂವರೆ ಗಂಟೆಯ ದಾರಾ ನಾಲ್ಕಾಣೆಗೆ ಟೂರಿಂಗ್ ಟಾಕೀಸಿನಲ್ಲೇ ಸಿಗುವಾಗ ಮದ್ರಾಸಿನ ರೈಲೇಕೆ? ಕಿಂಗ್ ಕಾಂಗ್ 1970ರಲ್ಲಿ ಕಾರು ಅಪಘಾತದ ಗಾಯಗಳಿಂದ ಸಿಂಗಪುರದಲ್ಲಿ ಸತ್ತ. 1971ರಲ್ಲಿ ರಾಜರ ರಾಜಧನ ರದ್ದಾಗಿ ಅರಮನೆಯ ಹಳೆಯ ಆಶ್ರಯವೂ ಸೊರಗಿತು. ದಾರಾ 1983ರಲ್ಲಿ ದೆಹಲಿಯಲ್ಲಿ ಕುಸ್ತಿಗೆ ವಿದಾಯ ಹೇಳಿ, ನಾಲ್ಕು ವರ್ಷದ ನಂತರ ನಮ್ಮ ಲೈನಿನ ಟಿ.ವಿ.ಯಲ್ಲಿ ಹನುಮಂತನಾಗಿ ಹಾರಿದ.

ಅಮೆರಿಕದ ಗುತ್ತಿಗೆದಾರ ಮಾತ್ರ ಜಾಣ. ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ಡಬ್ಲ್ಯು.ಡಬ್ಲ್ಯು.ಎಫ್. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತು. ಅದೂ ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡಾ ಆಯೋಗದ ತೆರಿಗೆ ಮತ್ತು ಕಟ್ಟುಪಾಡು ತಪ್ಪಿಸಿಕೊಳ್ಳಲು. ಒಪ್ಪಿಕೊಂಡಿದ್ದರಿಂದ ಅವರ ವ್ಯಾಪಾರ ಕೆಡಲಿಲ್ಲ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ರಾಬರ್ಟ್‌ಸನ್‌ಪೇಟೆಯ ಹುಡುಗರ ಜೇಬಿನಲ್ಲಿ ಅಂಡರ್‌ಟೇಕರನ ಟ್ರಂಪ್ ಕಾರ್ಡುಗಳಿದ್ದವು; ನಮ್ಮ ಜೇಬಿನಲ್ಲೂ ಇದ್ದವು. ಇಲ್ಲಿಯದೇ ಕಂಪನಿ ಕಟ್ಟುವ ಪ್ರಯತ್ನಗಳು ಆಮೇಲೆ ನಡೆದವು. ಪುಣೆಯಲ್ಲಿ ಚಿತ್ರೀಕರಿಸಿ 2012ರಲ್ಲಿ ಟಿ.ವಿ.ಗೆ ತಂದ 'ರಿಂಗ್ ಕಾ ಕಿಂಗ್' ಒಂದೇ ಆವೃತ್ತಿಗೆ ನಿಂತಿತು. ಅಸಲಿ ಕುಸ್ತಿಯನ್ನೇ ಐ.ಪಿ.ಎಲ್. ಮಾದರಿಯಲ್ಲಿ ಮಾರಲು 2015ರಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಶುರುವಾದಾಗ 'ಬೆಂಗಳೂರು ಯೋಧಾಸ್' ಎಂಬ ನಮ್ಮ ರಾಜಧಾನಿಯ ತಂಡವೂ ಇತ್ತು. 2017ರ ಎರಡನೇ ಆವೃತ್ತಿಯಲ್ಲಿ ಅದು ಇರಲಿಲ್ಲ. 2019ರ ನಂತರ ಲೀಗೇ ಹಲವು ವರ್ಷ ನಡೆಯಲಿಲ್ಲ. ಅದೇ 2019ರಲ್ಲಿ ಕನ್ನಡದಲ್ಲಿ 'ಪೈಲ್ವಾನ್' ಎಂಬ ಚಿತ್ರ ಬಂತು, ಮತ್ತೆ ಸಿನೆಮಾ.

ಆಟ ಹೋದರೂ ಮಾತು ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ದಾದಾ ಇನ್ನೂ ಇದ್ದರು. ಆ ಮೇಲೆ ಪ್ರತಿ ಚುನಾವಣೆಗೂ ಗಣಿ ಮತ್ತೆ ತೆರೆಯುತ್ತದೆ. ಕೇಂದ್ರದವರು ರಾಜ್ಯದ ಮೇಲೆ, ರಾಜ್ಯದವರು ಕೇಂದ್ರದ ಮೇಲೆ ತೊಡೆ ತಟ್ಟುತ್ತಾರೆ. ಜಾಗತಿಕ ಟೆಂಡರ್ ಕರೆಯಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಣಿಯ ಲಿಫ್ಟು ಮಾತ್ರ ಇಳಿಯಲಿಲ್ಲ. 2024ರಲ್ಲಿ ಸೈನೈಡ್ ಗುಡ್ಡಗಳ ಮಣ್ಣನ್ನೇ ಸೋಸಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಊರಿನ ಹಳಬರ ಮುಂದೆ ಇದನ್ನು ಪ್ರಸ್ತಾಪಿಸಿದರೆ ತಮಿಳಿನವರು ನಗುತ್ತಾರೆ, ನಮ್ಮವರು ಆ ಎರಡೇ ಮಾತು ಹೇಳುತ್ತಾರೆ.

ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ಗಾಡಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾವಿರಾರು ಮಂದಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬರುತ್ತಾರೆ. ಕಳೆದ ಸಲ ನಮ್ಮ ಪಕ್ಕ ನಿಂತಿದ್ದ ಹುಡುಗನ ತೋಳು ಅಂಗಿಯಲ್ಲಿ ಹಿಡಿಸುತ್ತಿರಲಿಲ್ಲ. ಯಾವ ಗರಡಿ ಎಂದು ಕೇಳಿದೆವು. "ಗರಡಿ ಅಲ್ಲ ಅಂಕಲ್, ಜಿಮ್," ಎಂದ. ಕೋರಮಂಗಲದ ಯಾವುದೋ ಪಬ್ಬಿನಲ್ಲಿ ಬೌನ್ಸರ್ ಕೆಲಸವಂತೆ. ಹೊಡೆದಾಟ ಆಗುತ್ತದೆಯೇ ಎಂದರೆ ನಕ್ಕ. "ಇಲ್ಲ ಅಂಕಲ್, ಸುಮ್ನೆ ನಿಂತ್ಕೊಂಡಿರ್ಬೇಕು. ನೋಡಿ ಹೆದರ್ಕೊಂಡ್ರೆ ಸಾಕು." ಟೇಕಲ್ ದಾಟಿದ ಮೇಲೆ ಅವನು ನಿಂತಲ್ಲೇ ಕಣ್ಣು ಮುಚ್ಚಿ ನಿದ್ದೆ ಹೋದ.