ಕಲ್ಲಚ್ಚಿನಿಂದ ಬಂದ ಕನ್ನಡ ಸುದ್ದಿ

ಪತ್ರಿಕಾ ದಿನಾಚರಣೆ ಜುಲೈ 1ಕ್ಕೇ ಯಾಕೆ ಅಂತ ನನಗೂ ತುಂಬಾ ದಿನ ಗೊತ್ತಿರಲಿಲ್ಲ. 1843ರಲ್ಲಿ ಅದೇ ದಿನ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಮೊಳೆ ಜೋಡಿಸಿದ್ದಲ್ಲ, ಕಲ್ಲಚ್ಚು! ಊರ ವರ್ತಮಾನ, ಸರಕಾರದ ಕಾನೂನು, ಪರದೇಶದ ಸುದ್ದಿ, ಕಥೆ ಎಲ್ಲಾ ಇರುತ್ತಿತ್ತು. 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯ್ತು, ಬೇಗನೇ ನಿಂತೂಹೋಯ್ತು.

ಅವರು ಬಂದದ್ದು ಮತಪ್ರಚಾರಕ್ಕೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಿದ್ದೂ ಅದೇ ಪಾದ್ರಿ! ಉದ್ದೇಶ ಒಪ್ಪದೆಯೂ ಋಣ ಒಪ್ಪಬಹುದು ಅಂತ ನನಗನ್ನಿಸುತ್ತೆ. ನೀವೇನಂತೀರಿ?