ಹಳ್ಳಿಯ ಹೈಸ್ಕೂಲುಗಳೂ ಆಟದ ಕೂಟಗಳೂ: ಇಂಡಿಯಾನಾ ಸಂಸ್ಥಾನದ ಒಂದು ಚರಿತ್ರೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತಿಥಿ, ಸಂಧಿಪತ್ರಗಳ ಒಕ್ಕಣೆ ಎಂದು ಭಾವಿಸುವುದು ರೂಢಿ. ಆದರೆ ಸಾಮಾನ್ಯ ಜನರ ಬಾಳುವೆಯ ಕಥೆ ಎಷ್ಟೋ ಸಲ ಯಾರೂ ಗಮನಿಸದ ಕಾಗದಗಳಲ್ಲಿ ಅಡಗಿಕೊಂಡಿರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಳ್ಳಿಗಾಡಿನ ಹೈಸ್ಕೂಲುಗಳು ಆಟಕ್ಕಾಗಿ ತಮ್ಮತಮ್ಮಲ್ಲೇ ಕೂಟಗಳನ್ನು ಕಟ್ಟಿಕೊಂಡಿವೆ. ಅವರು ಅದನ್ನು ಕಾನ್ಫರೆನ್ಸ್ ಎಂದು ಕರೆಯುತ್ತಾರೆ. ಅಂಥ ಕೂಟದ ಸದಸ್ಯ ಶಾಲೆಗಳ ಪಟ್ಟಿಯನ್ನು ಹಿಡಿದು ಐವತ್ತು ಅರವತ್ತು ವರ್ಷಗಳ ಕಾಲ ಹಿಂಬಾಲಿಸಿದರೆ, ಯಾವ ಊರು ಬಾಳಿತು, ಯಾವ ಊರು ಬಾಡಿತು, ಯಾರನ್ನು ಸಮಾನರೆಂದು ಒಪ್ಪಿದರು, ಯಾರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರು ಎಂಬುದೆಲ್ಲವೂ ಗೋಚರವಾಗುತ್ತದೆ. ಇಂದು ನಾವು ಇಂಡಿಯಾನಾ ಸಂಸ್ಥಾನವನ್ನು ನಿದರ್ಶನವಾಗಿ ತೆಗೆದುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಮೊದಲು ಕೂಟದ ಸ್ವರೂಪವನ್ನು ತಿಳಿಯುವುದು ಅಗತ್ಯ. ಒಂದಕ್ಕೊಂದು ಹತ್ತಿರವಿರುವ, ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಹೆಚ್ಚು ಅಂತರವಿಲ್ಲದ ಆರು, ಎಂಟು ಅಥವಾ ಹತ್ತು ಶಾಲೆಗಳು ಸೇರಿ ಒಂದು ಒಡಂಬಡಿಕೆ ಮಾಡಿಕೊಳ್ಳುತ್ತವೆ. ಪ್ರತಿಯೊಂದು ಶಾಲೆಯೂ ಉಳಿದ ಶಾಲೆಗಳೊಡನೆ ವರ್ಷಕ್ಕೊಮ್ಮೆಯಾದರೂ ಆಡಬೇಕು. ದಿನಗಳು ಮೊದಲೇ ಗೊತ್ತಾಗಿರಬೇಕು. ಮಕ್ಕಳು ಅದೇ ರಾತ್ರಿ ಮನೆಗೆ ಹಿಂದಿರುಗುವಷ್ಟು ದಾರಿ ಹತ್ತಿರವಿರಬೇಕು. ಇಂಥ ಕೂಟ ಸೂಕ್ಷ್ಮವಾದ ವಸ್ತು. ಎಂಟು ಶಾಲೆಗಳಲ್ಲಿ ಒಂದು ಬಿಟ್ಟುಹೋದರೆ ಏಳು ಉಳಿಯುತ್ತವೆ. ಆಗ ಪ್ರತಿ ಶುಕ್ರವಾರ ಯಾವುದಾದರೂ ಒಂದು ಶಾಲೆಗೆ ಎದುರಾಳಿಯಿಲ್ಲದೆ ಹೋಗುತ್ತದೆ. ತೆರವಾದ ಸ್ಥಾನಕ್ಕೆ ಪಕ್ಕದ ಕೂಟದಿಂದ ಒಂದು ಶಾಲೆಯನ್ನು ಕರೆದರೆ, ಆ ಕೂಟದಲ್ಲಿ ತೆರವುಂಟಾಗುತ್ತದೆ. ಹೀಗೆ ಒಂದು ಹಳ್ಳಿಯ ಶಾಲೆ ಮುಚ್ಚಿದ ಸುದ್ದಿ ಹತ್ತಾರು ಊರುಗಳ ಆಟದ ಪಂಚಾಂಗವನ್ನು ತಿದ್ದಿಸುತ್ತದೆ.

ಇಂಡಿಯಾನಾದಲ್ಲಿ ಹೈಸ್ಕೂಲುಗಳ ಕ್ರೀಡಾ ಸಂಘವು 1903ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ಬ್ಯಾಸ್ಕೆಟ್‌ಬಾಲ್ ಆಟ ಹುಟ್ಟಿದ್ದು 1891ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ. ಅದು ಬೇರೂರಿದ್ದು ಇಂಡಿಯಾನಾದ ಹಳ್ಳಿಗಳಲ್ಲಿ. ಅದಕ್ಕೆ ಕಾರಣ ಸರಳ. ಅಮೆರಿಕದ ಫುಟ್‌ಬಾಲಿಗೆ ಹನ್ನೊಂದು ಜನ ಬೇಕು, ದುಬಾರಿಯಾದ ಸಲಕರಣೆ ಬೇಕು. ಬ್ಯಾಸ್ಕೆಟ್‌ಬಾಲಿಗೆ ಐದು ಮಂದಿ ಹುಡುಗರು, ಒಂದು ಚೆಂಡು, ಕೊಟ್ಟಿಗೆಯ ಗೋಡೆಗೆ ಬಡಿದ ಒಂದು ಬಳೆ ಸಾಕು. ಸುಗ್ಗಿ ಮುಗಿದು ಹಿಮ ಬಿದ್ದ ಮೇಲೆ ರೈತನಿಗೆ ಬಿಡುವು. ಒಳಾಂಗಣದ ಆಟಕ್ಕೆ ಅದೇ ಕಾಲ. 1911ರಲ್ಲಿ ಮೊದಲ ಸಂಸ್ಥಾನ ಪಂದ್ಯಾವಳಿಯಲ್ಲಿ 12 ಶಾಲೆಗಳು ಆಡಿದವು. 1938ರಲ್ಲಿ ಆಡಿದ ಶಾಲೆಗಳು 787. ಸಂಸ್ಥಾನದಲ್ಲಿರುವ ಕೌಂಟಿಗಳು 92. ಕೌಂಟಿಯೆಂದರೆ ಸುಮಾರು ನಮ್ಮ ತಾಲ್ಲೂಕಿಗೆ ಸಮೀಪವಾದ ವಿಭಾಗ. ಹೋಬಳಿಯಂಥ ಒಂದೊಂದು ಟೌನ್‌ಶಿಪ್ಪಿಗೂ ಒಂದು ಹೈಸ್ಕೂಲಿದ್ದ ಕಾಲವದು. ಕೌಂಟಿಯ ಶಾಲೆಗಳೇ ಸೇರಿ ಕೂಟವಾಗುತ್ತಿದ್ದವು.

ಆ ಕಾಲದ ಸಣ್ಣ ಶಾಲೆಗಳ ಉತ್ಸಾಹಕ್ಕೆ ವಿಂಗೇಟ್ ಎಂಬ ಹಳ್ಳಿಯೇ ಸಾಕ್ಷಿ. ಆ ಶಾಲೆಗೆ ಸ್ವಂತ ಆಟದ ಮಂದಿರವಿರಲಿಲ್ಲ. ಹುಡುಗರು ಅಭ್ಯಾಸಕ್ಕಾಗಿ ಬೇರೆ ಊರಿಗೆ ಹೋಗುತ್ತಿದ್ದರು. ಆದರೂ 1913ರಲ್ಲಿಯೂ 1914ರಲ್ಲಿಯೂ ಸಂಸ್ಥಾನದ ಪ್ರಶಸ್ತಿ ಅವರದಾಯಿತು. ಸಂಸ್ಥಾನದಲ್ಲಿ ಶಾಲೆಗಳಿಗೆ ದೊಡ್ಡದು ಚಿಕ್ಕದೆಂಬ ವರ್ಗವಿಭಾಗವಿರಲಿಲ್ಲ. ಪಟ್ಟಣವೂ ಹಳ್ಳಿಯೂ ಒಂದೇ ಕಣದಲ್ಲಿ ಸೆಣಸಬೇಕಾಗಿತ್ತು. ಇದು ಆ ಜನರಿಗೆ ಬಹಳ ಹೆಮ್ಮೆಯ ಸಂಗತಿ.

ಆದರೆ ಎಲ್ಲರಿಗೂ ಒಂದೇ ಕಣವೆಂಬ ಈ ಹೆಮ್ಮೆಯಲ್ಲಿ ಒಂದು ದೊಡ್ಡ ಲೋಪವಿತ್ತು. ಕಪ್ಪು ಜನರ ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ 1942ರವರೆಗೆ ಕ್ರೀಡಾ ಸಂಘದಲ್ಲಿ ಪ್ರವೇಶವಿರಲಿಲ್ಲ. ರಾಜಧಾನಿಯಾದ ಇಂಡಿಯಾನಾಪೊಲಿಸಿನಲ್ಲಿ 1927ರಲ್ಲಿ ಕಪ್ಪು ಮಕ್ಕಳಿಗೆಂದೇ ತೆರೆದ ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲಿನ ಹುಡುಗರು ನೆರೆಯ ಶಾಲೆಯೊಡನೆ ಆಡಲಾರದೆ, ತಮ್ಮಂತೆಯೇ ಹೊರಗಿಡಲ್ಪಟ್ಟ ಶಾಲೆಗಳನ್ನು ಹುಡುಕಿಕೊಂಡು ಬೇರೆ ಸಂಸ್ಥಾನಗಳಿಗೆ ಪ್ರಯಾಣ ಮಾಡುತ್ತಿದ್ದರು. ಬಾಗಿಲು ತೆರೆದು ಹದಿಮೂರು ವರ್ಷಕ್ಕೆ, ಎಂದರೆ 1955ರಲ್ಲಿ, ಅದೇ ಶಾಲೆ ಸಂಸ್ಥಾನದ ಪ್ರಶಸ್ತಿಯನ್ನು ಗೆದ್ದಿತು. 1956ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಮತ್ತೊಮ್ಮೆ ಗೆದ್ದಿತು. ಮುಂದೆ ಲೋಕವಿಖ್ಯಾತನಾದ ಆಸ್ಕರ್ ರಾಬರ್ಟ್‌ಸನ್ ಆ ಎರಡು ತಂಡಗಳಲ್ಲಿಯೂ ಆಡಿದನು. ಸದಸ್ಯರ ಪಟ್ಟಿಯಿಂದ ಒಂದು ಹೆಸರನ್ನು ಬಿಡುವುದೆಂದರೆ ಎಷ್ಟನ್ನು ಕಳೆದುಕೊಂಡಂತೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಅಟಕ್ಸ್ ಗೆಲ್ಲುವುದಕ್ಕೆ ಒಂದು ವರ್ಷ ಮುಂಚೆ, 1954ರ ಮಾರ್ಚ್ 20ರಂದು, ಹಳ್ಳಿಗಾಡಿನ ಪಾಲಿಗೆ ಮರೆಯಲಾಗದ ಘಟನೆಯೊಂದು ನಡೆಯಿತು. ಆಗ್ನೇಯ ಮೂಲೆಯ ರಿಪ್ಲೆ ಕೌಂಟಿಯಲ್ಲಿ ಮೈಲನ್ ಎಂಬ ಸಣ್ಣ ಊರು. ಶಾಲೆಯ ವಿದ್ಯಾರ್ಥಿಗಳು 161. ಎದುರಾಳಿಯಾದ ಮನ್ಸಿ ಸೆಂಟ್ರಲ್ ಶಾಲೆ ಅದರ ಹತ್ತರಷ್ಟು ದೊಡ್ಡದು. ಮೈಲನ್ನಿನ ತರಬೇತುದಾರ ಮಾರ್ವಿನ್ ವುಡ್ 26 ವರ್ಷದ ತರುಣ. ಕೊನೆಯ ಗಳಿಗೆಗಳಲ್ಲಿ ಬಾಬಿ ಪ್ಲಂಪ್ ಎಂಬ ಹುಡುಗ ನಾಲ್ಕು ನಿಮಿಷಕ್ಕೂ ಮೇಲೆ ಚೆಂಡನ್ನು ಕೈಯಲ್ಲಿಯೇ ಹಿಡಿದು ನಿಂತನು. ಅಂತಿಮ ಕ್ಷಣದಲ್ಲಿ ಅವನು ಎಸೆದ ಚೆಂಡು ಬಳೆಯೊಳಗೆ ಇಳಿದು 32ಕ್ಕೆ 30ರಂತೆ ಮೈಲನ್ ಗೆದ್ದಿತು. ಈ ಹುಡುಗ ಮೈಲನ್ನಿನವನೂ ಅಲ್ಲ. ಪಕ್ಕದ ಪಿಯರ್ಸ್‌ವಿಲ್ ಎಂಬ, ಕೆಲವೇ ಮನೆಗಳ ಹಟ್ಟಿಯವನು. ಅಂತಿಮ ಪಂದ್ಯಕ್ಕೆ ಬರುವ ದಾರಿಯಲ್ಲಿ ಮೈಲನ್ ಸೋಲಿಸಿದ ತಂಡಗಳಲ್ಲಿ ಅಟಕ್ಸ್ ಶಾಲೆಯೂ ಒಂದು.

ಆದರೆ ಮೈಲನ್ನಿನ ಗೆಲವು ಒಂದು ಯುಗದ ಮುಗಿತಾಯವಾಗಿತ್ತು. 1957ರಲ್ಲಿ ರಷ್ಯದವರು ಆಕಾಶಕ್ಕೆ ಕೃತಕ ಉಪಗ್ರಹವನ್ನು ಹಾರಿಸಿದಾಗ, ತಮ್ಮ ಶಾಲೆಗಳಲ್ಲಿ ವಿಜ್ಞಾನ ಹಿಂದೆಬಿದ್ದಿದೆಯೆಂಬ ಚಿಂತೆ ಅಮೆರಿಕದವರನ್ನು ಹಿಡಿಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ ಎಂಬವರು 1959ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಂತಿಮ ತರಗತಿಯಲ್ಲಿ ನೂರು ಮಂದಿಯಾದರೂ ಇಲ್ಲದ ಹೈಸ್ಕೂಲು ಒಳ್ಳೆಯ ಶಿಕ್ಷಣವನ್ನು ಕೊಡಲಾರದೆಂದು ಪ್ರತಿಪಾದಿಸಿದರು. ಅದೇ ವರ್ಷ ಇಂಡಿಯಾನಾದ ಶಾಸನಸಭೆ ಶಾಲೆಗಳ ಪುನರ್ರಚನೆಯ ಶಾಸನವನ್ನು ಮಾಡಿತು; ಒಂದೊಂದು ಶಾಲಾ ಆಡಳಿತದ ಕೆಳಗೂ ಸಾವಿರ ವಿದ್ಯಾರ್ಥಿಗಳಾದರೂ ಇರಬೇಕೆಂಬುದು ಅದರ ಉದ್ದೇಶ. ಅಂದು 900ಕ್ಕೂ ಮೇಲಿದ್ದ ಶಾಲಾ ಆಡಳಿತಗಳು ಕ್ರಮೇಣ 300ರ ಆಸುಪಾಸಿಗೆ ಇಳಿದವು. ಒಳ್ಳೆಯ ರಸ್ತೆಗಳೂ ಶಾಲೆಯ ಮೋಟಾರು ಬಸ್ಸುಗಳೂ ಬಂದಿದ್ದುದರಿಂದ ಕಾರ್ಯ ಸುಲಭವಾಯಿತು.

ಇದರ ಫಲ ಆಟದ ಕೂಟಗಳ ಪಟ್ಟಿಯಲ್ಲಿ ತೋರಿತು. ಹತ್ತು ಹೈಸ್ಕೂಲುಗಳಿದ್ದ ಕೌಂಟಿಯಲ್ಲಿ ಎರಡೋ ಮೂರೋ ಉಳಿದರೆ ಕೌಂಟಿಯ ಕೂಟ ಹೇಗೆ ನಿಂತೀತು? ಹಳೆಯ ಕೌಂಟಿ ಕೂಟಗಳು ಒಂದೊಂದಾಗಿ ಕರಗಿ, ನದಿಯ ಹೆಸರನ್ನೋ ದಿಕ್ಕಿನ ಹೆಸರನ್ನೋ ಹೊತ್ತ, ಹಲವು ಕೌಂಟಿಗಳಿಗೆ ಹರಡಿದ ಕೂಟಗಳು ಬಲಗೊಂಡವು. 1950ರ ದಶಕದ ಮೊದಲಲ್ಲಿ ಹುಟ್ಟಿದ ಓಹೈಯೋ ನದಿ ಕಣಿವೆಯ ಕೂಟವನ್ನು ನೋಡಿ. ಅದರ ಪಟ್ಟಿಯಲ್ಲಿರುವ ಹೆಸರುಗಳೇ ಚರಿತ್ರೆಯನ್ನು ಹೇಳುತ್ತವೆ. ರೈಸಿಂಗ್ ಸನ್ ಎಂಬುದು ಸಂಸ್ಥಾನದಲ್ಲೆಲ್ಲ ಅತ್ಯಂತ ಚಿಕ್ಕದಾದ ಓಹೈಯೋ ಕೌಂಟಿಯ ಮುಖ್ಯ ಪಟ್ಟಣ. ಅಲ್ಲಿ ಊರಿನ ಹೆಸರೇ ಶಾಲೆಯ ಹೆಸರಾಗಿ ಉಳಿದಿದೆ. ಸ್ವಿಟ್ಜರ್ಲೆಂಡಿನಿಂದ ಬಂದ ದ್ರಾಕ್ಷಿ ಬೆಳೆಗಾರರು ನೆಲಸಿದ ಕೌಂಟಿಯಲ್ಲಿ ವೀವೇ, ಪೇಟ್ರಿಯಟ್ ಎಂಬ ಊರುಗಳ ಶಾಲೆಗಳು ಒಂದಾಗಿ, ಕೌಂಟಿಯ ಹೆಸರೇ ಶಾಲೆಯ ಹೆಸರಾಯಿತು. ಮೈಲನ್ನಿನ ನೆರೆಯಲ್ಲಿ ವರ್ಸೇಲ್ಸ್, ಹೋಲ್ಟನ್ ಮೊದಲಾದ ಊರುಗಳ ಶಾಲೆಗಳು ಸೇರಿ ದಕ್ಷಿಣ ರಿಪ್ಲೆ ಎನಿಸಿದವು. ಇನ್ನೊಂದು ಶಾಲೆಯ ಹೆಸರು ಜ್ಯಾಕ್-ಸೆನ್-ಡೆಲ್. ಜ್ಯಾಕ್‌ಸನ್, ಸೆಂಟರ್, ಡೆಲವೇರ್ ಎಂಬ ಮೂರು ಟೌನ್‌ಶಿಪ್ಪುಗಳ ತಲೆಯಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು. ಮೂವರೂ ತಮ್ಮ ಹೆಸರನ್ನು ಪೂರ್ತಿಯಾಗಿ ಬಿಡಲೊಲ್ಲದೆ ಒಂದೊಂದು ತುಂಡನ್ನಾದರೂ ಉಳಿಸಿಕೊಂಡರೆಂದು ಇದನ್ನು ಅರ್ಥಮಾಡಬಹುದು. ಮೈಲನ್ನಿನ ಹೈಸ್ಕೂಲು ಮಾತ್ರ ತನ್ನ ಹೆಸರಿನಲ್ಲಿಯೇ ಉಳಿದು, ಮುಂದೆ ಈ ಕೂಟದ ಪಟ್ಟಿಯಲ್ಲಿಯೂ ಕಾಣಿಸಿಕೊಂಡಿತು.

ವಿಂಗೇಟಿನ ಗತಿ ಬೇರೆ. ಅದು ಮೊದಲು ನೆರೆಯ ನ್ಯೂ ರಿಚ್‌ಮಂಡಿನೊಡನೆ ಸೇರಿತು; ಆ ಜೋಡಿ ಶಾಲೆಯೂ 1971ರಲ್ಲಿ ಇತರ ಊರುಗಳ ಶಾಲೆಗಳೊಡನೆ ಉತ್ತರ ಮಾಂಟ್ಗಾಮರಿ ಎಂಬ ಹೊಸ ಶಾಲೆಯಲ್ಲಿ ಲೀನವಾಯಿತು. ಮೈಲನ್ನಿನ ಕಥೆಯಿಂದ ಪ್ರೇರಿತವಾಗಿ 1986ರಲ್ಲಿ ಬಂದ 'ಹೂಸಿಯರ್ಸ್' ಎಂಬ ಚಲಚ್ಚಿತ್ರದಲ್ಲಿ ಗೆಲ್ಲುವ ಕಲ್ಪಿತ ಹಳ್ಳಿಯ ಬೀದಿಗಳಾಗಿ ಚಿತ್ರಿತವಾದವು ಇದೇ ನ್ಯೂ ರಿಚ್‌ಮಂಡಿನ ಬೀದಿಗಳು. ತೆರೆಯ ಮೇಲೆ ಹಳ್ಳಿಯ ಶಾಲೆಯ ವಿಜಯವನ್ನು ತೋರಿಸಿದ ಆ ಊರಿನಲ್ಲಿ ಆ ವೇಳೆಗೆ ಸ್ವಂತ ಹೈಸ್ಕೂಲು ಇರಲಿಲ್ಲ.

ಮೈಲನ್ನಿನಷ್ಟು ಸಣ್ಣ ಶಾಲೆ ಆ ಒಂದೇ ಕಣದಲ್ಲಿ ಮತ್ತೆ ಗೆಲ್ಲಲಿಲ್ಲ. 1997ರಲ್ಲಿ 382 ಶಾಲೆಗಳೊಡನೆ ಆ ಪಂದ್ಯಾವಳಿ ಕೊನೆಗೊಂಡು, ಮರುವರ್ಷದಿಂದ ಶಾಲೆಗಳನ್ನು ಗಾತ್ರಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. ಸಣ್ಣ ಶಾಲೆಗೆ ಗೆಲ್ಲುವ ಅವಕಾಶ ಹೆಚ್ಚಿತೆಂದು ಕೆಲವರು ಸಂತೋಷಪಟ್ಟರು. ದೊಡ್ಡವನನ್ನು ಕೆಡಹುವ ಅವಕಾಶವೇ ಹೋಯಿತೆಂದು ಕೆಲವರು ಮರುಗಿದರು.

ಈ ಬದಲಾವಣೆಗಳನ್ನು ತೂಗಿ ನೋಡುವಾಗ ಪಕ್ಷಪಾತ ಸಲ್ಲದು. ಕೂಡಿಸಿದ ಶಾಲೆಯಲ್ಲಿ ಪ್ರಯೋಗಶಾಲೆ ಬಂದಿತು, ಭಾಷೆ ಗಣಿತಗಳಿಗೆ ಬೇರೆಬೇರೆ ಉಪಾಧ್ಯಾಯರು ಬಂದರು. ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಸಂಸ್ಥಾನ ಪಂದ್ಯಾವಳಿ 1976ರಲ್ಲಿ ಆರಂಭವಾಯಿತು. ಹಳೆಯ ಪಟ್ಟಿಯ ಕಾಲವೇ ಸುವರ್ಣಯುಗವೆಂದು ಹೇಳುವವರು 1942ಕ್ಕೆ ಮುಂಚೆ ಬಾಗಿಲ ಹೊರಗೆ ನಿಂತಿದ್ದವರನ್ನು ನೆನೆಯಬೇಕು. ಆದರೂ ನಷ್ಟವಾದುದನ್ನು ನಷ್ಟವೆಂದೇ ಹೇಳಬೇಕು. ಹಳ್ಳಿಯಲ್ಲಿ ಅಂಗಡಿಯವನೂ ಪಾದ್ರಿಯೂ ರೈತನೂ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಹೆಸರನ್ನು ಕೂಗುತ್ತಿದ್ದ ಸ್ಥಳ ಶಾಲೆಯ ಆಟದ ಮಂದಿರ. ಅದು ಹೋದ ಮೇಲೆ ಊರಿನವರೆಲ್ಲ ಸೇರುವುದಕ್ಕೆ ಅಂಥ ಇನ್ನೊಂದು ನೆಪ ದೊರೆಯುವುದು ಕಷ್ಟ.

ಶಾಲೆಗಳನ್ನು ಕೂಡಿಸುವವರು ಮಕ್ಕಳ ಲೆಕ್ಕವನ್ನೂ ಹಣದ ಲೆಕ್ಕವನ್ನೂ ಹಾಕುತ್ತಾರೆ, ಹಾಕಲೇಬೇಕು. ಆ ಲೆಕ್ಕದ ಪಕ್ಕದಲ್ಲಿ, ಊರು ತನ್ನ ಹೆಸರನ್ನು ಇನ್ನೆಲ್ಲಿ ಕೇಳೀತು ಎಂಬ ಪ್ರಶ್ನೆಗೂ ಒಂದು ಅಂಕಣವನ್ನು ಬಿಡುವುದು ವಿವೇಕವೆಂದು ನಮಗೆ ತೋರುತ್ತದೆ.