ಕುದುರೆಮುಖದಿಂದ ಪೆಂಚ್‌ವರೆಗೆ: ಕಾಡು ಉಳಿಸೋಕೂ ಒಂದು ಪ್ಲಾನ್ ಬೇಕು

ನಾನಿರೋದು ನಾಗಪುರದ ಸೀತಾಬರ್ಡಿಯಲ್ಲಿ. 1817ರ ನವೆಂಬರ್‌ನಲ್ಲಿ ಭೋಂಸ್ಲೆ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಕಾಳಗ ನಡೆದ ಗುಡ್ಡ ಇಲ್ಲೇ ಇದೆ. ಆದರೆ ಇವತ್ತಿನ ವಿಷಯ ಬೇರೆ ಥರದ ಹೋರಾಟದ್ದು. ಕಾಡು ಉಳಿಸೋ ಸಣ್ಣ ಸಂಸ್ಥೆಗಳ ಹತ್ತಿರ ಜನವೂ ಕಡಿಮೆ, ದುಡ್ಡೂ ಕಡಿಮೆ. ಹಾಗಿದ್ದಾಗ ಏನನ್ನ ಕೇಳಬೇಕು, ಎಷ್ಟಕ್ಕೆ ಒಪ್ಪಬೇಕು?

ಮೊದಲು ನಮ್ಮ ಕುದುರೆಮುಖ ನೋಡೋಣ. 1969ರಲ್ಲಿ ಕೊಟ್ಟ 30 ವರ್ಷದ ಗಣಿ ಗುತ್ತಿಗೆ 1999ಕ್ಕೆ ಮುಗೀತು. ಆದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರೀತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ಅವರ 'ವೈಲ್ಡ್‌ಲೈಫ್ ಫಸ್ಟ್' ಸಂಸ್ಥೆ ಸುಪ್ರೀಂ ಕೋರ್ಟ್‌ಗೆ ಹೋದರು. ಇದ್ದಬದ್ದ ಬೇಡಿಕೆಯನ್ನೆಲ್ಲ ಸೇರಿಸಲಿಲ್ಲ. ಗುತ್ತಿಗೆ ಮುಗಿದಿದೆ, ಇದು ರಾಷ್ಟ್ರೀಯ ಉದ್ಯಾನ, ಭದ್ರಾ ನದಿಗೆ ಹೂಳು ಸೇರ್ತಿದೆ, ಆದ್ದರಿಂದ ಗಣಿ ನಿಲ್ಲಬೇಕು. ಅಷ್ಟೇ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಕಂಪನಿಯನ್ನೇ ನಂಬಿ ಬೆಳೆದಿದ್ದ ಊರು ಖಾಲಿಯಾಯ್ತು, ಆ ಬೆಲೆಯನ್ನೂ ಮರೆಯಬಾರದು.

ಈಗ ಪೆಂಚ್. ನಮ್ಮ ಹೆಬ್ಬಾಳದಲ್ಲಿ ಹಾದುಹೋಗೋ ಹೆದ್ದಾರಿ 44 ನಾಗಪುರ ದಾಟಿದ ಮೇಲೆ ಈ ಹುಲಿ ಕಾಡಿನೊಳಗೆ ಹೋಗುತ್ತೆ. ರಸ್ತೆ ಅಗಲ ಮಾಡೋದು ಬೇಡ, ಛಿಂದ್ವಾಡಾ ಕಡೆಯಿಂದ ತಿರುಗಿಸಿ ಅಂತ ಸಂರಕ್ಷಣಾ ಸಂಸ್ಥೆಗಳು ವರ್ಷಗಟ್ಟಲೆ ಹೋರಾಡಿದವು. ರಸ್ತೆ ತಿರುಗಲಿಲ್ಲ. ಆದರೆ ಆ ಹಗ್ಗಜಗ್ಗಾಟದಿಂದ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ರಸ್ತೆಯ ಕೆಳಗೆ ದಾಟೋಕೆ 9 ಕಡೆ ದಾರಿ ಆಯ್ತು. ಅತಿ ಉದ್ದದ್ದು 750 ಮೀಟರ್! 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಕ್ಯಾಮೆರಾ ಇಟ್ಟು ನೋಡಿದಾಗ, ಹುಲಿಯೂ ಸೇರಿ 18 ಜಾತಿಯ ಪ್ರಾಣಿಗಳು ಅಲ್ಲಿ ಓಡಾಡ್ತಿದ್ದವು.

ಹಾಗಾದರೆ ಪೆಂಚ್‌ನಲ್ಲಿ ಸೋತರಾ? ನನಗೆ ಹಾಗನ್ನಿಸಲ್ಲ. ಕುದುರೆಮುಖದಲ್ಲಿ ಕಾನೂನು, ಗಡುವು ಎರಡೂ ಕೈಯಲ್ಲಿದ್ದವು, ಪೂರ್ತಿ ಕೇಳಿದ್ದು ಸರಿ. ಪೆಂಚ್‌ನಲ್ಲಿ ರಸ್ತೆ ಮೊದಲಿಂದಲೇ ಇತ್ತು, ಅದಕ್ಕೇ ಎರಡನೇ ಬೇಡಿಕೆಗೂ ಬೆಲೆ ಬಂತು. ಮೊದಲನೆಯದು ಸಿಗದಿದ್ದರೆ ಮುಂದೇನು ಅನ್ನೋದನ್ನ ಮೊದಲೇ ಬರೆದಿಟ್ಟುಕೊಳ್ಳೋದೇ ಪ್ಲಾನ್.

ನಮ್ಮಲ್ಲಿ ಎಷ್ಟೋ ಜನ ಇಂಥ ಸಂಸ್ಥೆಗಳಿಗೆ ತಿಂಗಳು ತಿಂಗಳು ದುಡ್ಡು ಕಳಿಸ್ತೀವಿ. ಮುಂದಿನ ಸಲ ಹುಲಿ ಫೋಟೋ ನೋಡಿ ಸುಮ್ಮನಾಗಬೇಡಿ. ಐದು ವರ್ಷದಲ್ಲಿ ಏನು ಬದಲಾಗಬೇಕು, ಅದನ್ನ ಹೇಗೆ ಅಳೀತೀರಿ, ಆಗದಿದ್ದರೆ ಏನು ಮಾಡ್ತೀರಿ ಅಂತ ಕೇಳಿ. ಒಳ್ಳೆ ಸಂಸ್ಥೆ ಖುಷಿಯಿಂದ ಉತ್ತರ ಕೊಡುತ್ತೆ. ಮತ್ತೆ ಸಿಗೋಣ.